ಎರಡು ದೋಣಿಯಲ್ಲಿ ಕಾಲು

ಶುಕ್ರವಾರದೊಳಗೆ ಮುಂಗಡ ಕೊಡಬೇಕು.
ಇವತ್ತು ಬುಧವಾರ.
ಡೀಸೆಲ್ ರಸೀದಿಯ ಬೆನ್ನ ಮೇಲೆ
ನಟ್ಟನಡುವೆ ಒಂದು ಗೆರೆ ಎಳೆದು ಕೂತಿದ್ದೇನೆ:
ಎಡಕ್ಕೆ ಬೇಕು, ಬಲಕ್ಕೆ ಬೇಡ.
ಯೂವರ್ಟ್ ಕಿಟಕಿಯ ಹತ್ತಿರ.
ಹಾತೇಯ ನದಿಯ ಕಂದು ನೀರಿನಲ್ಲಿ ನಿಂತ
ಆ ಬಿಳಿಯ ಕ್ಯಾಟಮರಾನನ್ನು
ಹೆಣ್ಣು ನೋಡಲು ಬಂದ ಗಂಡಿನ ಹಾಗೆ
ನೋಡಿಯೂ ನೋಡದವನಂತೆ ನೋಡುತ್ತಿದ್ದಾನೆ.
ಎಪ್ಪತ್ತಮೂರು ಅವನಿಗೆ.

ಎಡಕ್ಕೆ, ಮೊದಲು, ದಲ್ಲಾಳಿ ಡ್ಯಾರಿಲ್ ಹೇಳಿದ್ದು:
ಅಲುಗುವುದಿಲ್ಲ ನೈರಿ, ನೆಲದ ಮೇಲೆ ನಿಂತ ಹಾಗೆ.
ಸೊಂಟದಷ್ಟು ನೀರಿದ್ದರೆ ಸಾಕು,
ಮರಳಿನ ಅಂಚಿನ ತನಕ ಹೋಗಿ ಮೂಗು ತಾಗಿಸುತ್ತದೆ.
ಒಂದು ಎಂಜಿನ್ ಕೈಕೊಟ್ಟರೆ ಇನ್ನೊಂದಿದೆ.

ಬಲಕ್ಕೆ, ಯಾರ್ಡಿನಲ್ಲಿ ದೋಣಿ ಎತ್ತುವ ರಾವಿರಿ ಹೇಳಿದ್ದು.
ಅವನು ಬೆರಳು ಮಡಚುತ್ತಾ ಎಣಿಸಿದ:
ಎಂಜಿನ್ ಎರಡು, ಫಿಲ್ಟರ್ ಎರಡು, ಪ್ರೊಪೆಲರ್ ಎರಡು.
ಅವಳಿ ಮಕ್ಕಳು ಕಣಮ್ಮ,
ಒಂದಕ್ಕೆ ನೆಗಡಿಯಾದರೆ ಎರಡಕ್ಕೂ ಔಷಧಿ.
ಮರೀನಾದವರು ಒಂದೂವರೆ ದೋಣಿಯ ಬಾಡಿಗೆ ಕೇಳುತ್ತಾರೆ.
ನನ್ನ ಲಿಫ್ಟಿನ ತೊಟ್ಟಿಲಿಗೆ ಇದರ ಮೈ ಹಿಡಿಸದು,
ತಳಕ್ಕೆ ಬಣ್ಣ ಬಳಿಯಲು
ಉತ್ತರಕ್ಕೆ ಒಂದು ದಿನದ ದಾರಿ.

ಶನಿವಾರ ಓಡಿಸಿ ನೋಡಿದೆವು.
ಬ್ರೀಮ್ ಹೆಡ್ ದಾಟಿದ್ದೇ ಈಶಾನ್ಯದ ಗಾಳಿ,
ಒತ್ತೊತ್ತಾಗಿ ಗಿಡ್ಡ ಅಲೆಗಳು.
ಎರಡು ಒಡಲುಗಳ ನಡುವಿನ ಹೊಟ್ಟೆಗೆ ಗುದ್ದಿದವು
ನಡುರಾತ್ರಿ ಬಾಗಿಲು ಬಡಿಯುವ ಪೊಲೀಸರ ಹಾಗೆ.
ಖಾನೆಯೊಳಗೆ ಚಮಚಗಳೆಲ್ಲ ಒಟ್ಟಿಗೇ ಕೂಗಿಕೊಂಡವು.
ಯೂವರ್ಟ್ ನಕ್ಕ. ನಾನು ಬಲಕ್ಕೆ ಬರೆದೆ:
ಗುದ್ದು. ಚಮಚ. ಅವನ ನಗು.
ನಗುವನ್ನು ಆಮೇಲೆ ಹೊಡೆದು ಹಾಕಿದೆ.

ಹಿಂತಿರುಗುವಾಗ ಅಲೆ ಬೆನ್ನಿಗಿತ್ತು.
ಅವನೇ ಎದ್ದು ಚಹಾ ಬಗ್ಗಿಸಿದ.
ಹದಿನೆಂಟು ತಿಂಗಳಿಂದ ಅವನ ಕೈ ನಡುಗುತ್ತದೆ,
ಡಾಕ್ಟರು ಹೇಳಿದ ಹೆಸರು ನಮ್ಮ ಮನೆಯಲ್ಲಿ ಹೇಳುವುದಿಲ್ಲ.
ನಮ್ಮ ಹಳೆಯ ಕೌರಿ ಮರದ ಲಾಂಚಿನಲ್ಲಿ
ದೋಣಿಯೂ ಹೊರಳಿ ಕೈಯೂ ನಡುಗಿ
ಚಹಾ ಕುಡಿಯುವುದನ್ನೇ ಬಿಟ್ಟಿದ್ದ.
ಇಲ್ಲಿ ಕೈ ಮಾತ್ರ ನಡುಗಿತು.
ಅರ್ಧ ಕಪ್ಪು ಬಾಯಿಗೆ ತಲುಪಿತು.
ಅರ್ಧ ಕಪ್ಪು.
ಅದನ್ನು ಎಡಕ್ಕೆ ಬರೆಯಲು ಜಾಗ ಸಾಲಲಿಲ್ಲ.

ಆದರೆ ಆ ಲಾಂಚು! ನಲವತ್ತು ವರ್ಷ
ರಾತ್ರಿ ಲಂಗರು ಹಾಕಿ ಮಲಗಿದರೆ
ಒಂದು ಅಲೆಗೆ ಅವನು ನನ್ನ ಮೇಲೆ,
ಮರು ಅಲೆಗೆ ನಾನು ಅವನ ಮೇಲೆ.
ಮಾತು ಬಿಟ್ಟು ಮಲಗಿದ ಎಷ್ಟೋ ಜಗಳಗಳನ್ನು
ಸಮುದ್ರವೇ ಉರುಳಿಸಿ ಬಿಡಿಸಿತ್ತು.
ಇದರಲ್ಲಿ ಎಡದ ಒಡಲಲ್ಲಿ ಒಂದು ಮಂಚ, ಬಲದಲ್ಲಿ ಒಂದು.
ನಿದ್ದೆಯಲ್ಲಿ ಅವನ ಕಾಲು ಒದೆಯುತ್ತದೆ, ಒಳ್ಳೆಯದೇ.
ನಡುವೆ ನೀರು ಹರಿಯುತ್ತಿರುತ್ತದೆ.
ಇದನ್ನು ಸಂಸಾರಕ್ಕೆ ಹೋಲಿಸಬೇಡ ಎಂದು
ಡ್ಯಾರಿಲ್‌ಗೆ ಗದರಿದೆ.
ಪಾಪ, ಅವನು ಹೋಲಿಸಿರಲಿಲ್ಲ.

ಎರಡು ದೋಣಿಯಲ್ಲಿ ಕಾಲಿಟ್ಟವನು ಮುಳುಗಿದ ಅನ್ನುತ್ತಾರೆ.
ಇಲ್ಲಿ ಎರಡರಲ್ಲೂ ಕಾಲಿಟ್ಟರೇ ತೇಲುವುದು,
ಭಾರ ಮಾತ್ರ ಹಾಕಬಾರದು.
ಭಾರ ಈ ದೋಣಿಗೆ ಆಗಿಬರುವುದಿಲ್ಲ:
ಬೀಡುಕಬ್ಬಿಣದ ಬಾಣಲೆ ಬೇಡ,
ಅವನ ಅಪ್ಪನ ಲಂಗರಿನ ಸರಪಳಿ ಬೇಡ,
ಫೀಜೋವಾ ಜಾಮಿನ ಮೂವತ್ತು ಬಾಟಲಿ,
ನನ್ನ ನಿಘಂಟುಗಳು, ಬೇಡ, ಬೇಡ.
ಕೊಳ್ಳುವವರು ನಾವೋ, ನಮ್ಮನ್ನು ಸೋಸುವುದು ಅದೋ.

ರಸೀದಿ ತಿರುಗಿಸಿ ನೋಡಿದೆ.
ಬಲಗಡೆ ಅಂಚಿನ ತನಕ ಬಂದಿದೆ,
ಎಡಗಡೆ ನಾಲ್ಕೇ ಸಾಲು, ಮೇಲೊಂದು ಚಹಾದ ಕಲೆ.
ನೀನೇ ಹೇಳು ಮಾರಾಯ, ಅಂದೆ.
ಅವನು ಕಿಟಕಿಯಿಂದ ತಿರುಗದೆ ಕೇಳಿದ:
ನಮ್ಮ ಕೆಟಲ್ ಎಷ್ಟು ತೂಕ ಇದ್ದೀತು?

ಅಡುಗೆಮನೆಯ ತಕ್ಕಡಿಯ ಮೇಲಿಟ್ಟೆ.
ಒಂದು ಕಿಲೋ ನೂರ ನಲವತ್ತು ಗ್ರಾಂ.
ನೀರಿಲ್ಲದೆ.